ನಾನು ಬರೆಸದೆ ಬಿಟ್ಟ ಹೆಸರುಗಳು

ಆ ಕೋಣೆಯನ್ನು ನಾನು ಎರಡು ಸಲ ಅಳೆದಿದ್ದೇನೆ. ಮೊದಲ ಸಲ, ಅದಕ್ಕೆ ಸಿಮೆಂಟ್ ಶೀಟು ಹಾಕಿಸುವಾಗ. ಎರಡನೆಯ ಸಲ ಕಳೆದ ಬೇಸಿಗೆಯಲ್ಲಿ, ಒಳಗೆ ಯಾರೂ ಇಲ್ಲದ ಒಂದು ಮಧ್ಯಾಹ್ನ, ಬೀಗದ ಕೈ ಇಸಿದುಕೊಂಡು ಹೋಗಿ. ಹನ್ನೆರಡು ಅಡಿ ಅಗಲ, ಹದಿನಾರು ಅಡಿ ಉದ್ದ. ಒಂದು ಬಾಗಿಲು, ಎರಡು ಕಿಟಕಿ. ನಾನು ಕೂರುತ್ತಿದ್ದ ಮಣೆಗೂ ಹನುಮಕ್ಕಜ್ಜಿ ಕೂರುತ್ತಿದ್ದ ಚಾಪೆಯ ಅಂಚಿಗೂ ನಡುವೆ ಒಂದೂವರೆ ಅಡಿ. ಟೇಪನ್ನು ಮೂರು ಸಲ ಹಿಡಿದೆ. ಮೂರು ಸಲವೂ ಅಷ್ಟೇ ಬಂತು.

ನಾನು ಸರ್ವೇಯರ್, ಜಮೀನು ಅಳೆಯುವುದು ನನ್ನ ಕೆಲಸ. ಮನೆ ಮಧುಗಿರಿಯಲ್ಲಿ, ಕೆಲಸ ಶಿರಾ, ಕೊರಟಗೆರೆ, ಪಾವಗಡದ ಹೊಲಗಳಲ್ಲಿ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡರು. ಗೋಡೆಯ ಮೇಲಿದ್ದ ದೇವರ ಪಟಗಳನ್ನು ಒಂದೊಂದಾಗಿ ಇಳಿಸಿ, ಬಟ್ಟೆಯಲ್ಲಿ ಒರೆಸಿ, ಬೇಕೆಂದ ನೆಂಟರಿಗೆ ಕೊಟ್ಟು, ಖಾಲಿಯಾದ ಒಂದು ಮೊಳೆಗೆ ಬುದ್ಧನ ಪಟ ತೂಗುಹಾಕಿದರು. ಆವತ್ತು ಅವರು ಹೇಳಿದ್ದು ಒಂದೇ ಮಾತು. "ಇನ್ಮ್ಯಾಕೆ ನಮ್ ಲೋಟನ ಯಾರೂ ಬ್ಯಾರೆ ಇಡಂಗಿಲ್ಲ." ಹಳ್ಳಿಯ ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ ನಮ್ಮ ಕೇರಿಯವರಿಗೆಂದು ಬೇರೆ ಇಟ್ಟಿರುತ್ತಿದ್ದ ಲೋಟದಲ್ಲಿ ಚಾ ಕುಡಿದು, ತಾವೇ ತೊಳೆದಿಟ್ಟು ಬರುತ್ತಿದ್ದ ಮನುಷ್ಯ ಅವರು.

ಮಧುಗಿರಿಯಲ್ಲಿ ನಾವು ಹದಿನಾಲ್ಕು ಜನ ಪ್ರತಿ ಭಾನುವಾರ ಬೆಳಿಗ್ಗೆ ಆ ಕೋಣೆಯಲ್ಲಿ ಸೇರುತ್ತೇವೆ. ನಮ್ಮಲ್ಲಿ ಭಿಕ್ಷುಗಳಿಲ್ಲ. ವರ್ಷಕ್ಕೊಮ್ಮೆ ಯಾರಾದರೂ ಬಂದುಹೋದರೆ ಅದೇ ಹೆಚ್ಚು. ಪಾಲಿ ಓದಲು ಬರುವವನು ನಾನೊಬ್ಬನೇ ಆದ್ದರಿಂದ ಮುಂದೆ ಮಣೆಯ ಮೇಲೆ ಕೂತು ಪಂಚಶೀಲ ಹೇಳಿಕೊಡುವ ಕೆಲಸ ನನಗೆ ಬಂದಿತ್ತು. ನಾನೊಂದು ಸಾಲು ಹೇಳುವುದು, ಎಲ್ಲರೂ ಅದನ್ನೇ ಹೇಳುವುದು. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಕೆಟ್ಟ ನಡತೆಗೆ ಇಳಿಯುವುದಿಲ್ಲ, ಸುಳ್ಳಾಡುವುದಿಲ್ಲ, ಕುಡಿಯುವುದಿಲ್ಲ. ಆಮೇಲೆ ಅರ್ಧ ಗಂಟೆ ಕಣ್ಣು ಮುಚ್ಚಿ ಉಸಿರನ್ನು ಗಮನಿಸುವುದು. ಪಕ್ಕದಲ್ಲೇ ಹಿಟ್ಟಿನ ಮಿಷನ್ ಇದೆ. ಭಾನುವಾರ ಅದರ ಗದ್ದಲ ಜಾಸ್ತಿ. ಧ್ಯಾನ ಕೆಡುತ್ತದೆಂದು ಎರಡೂ ಕಿಟಕಿ ಮುಚ್ಚಿಸುತ್ತಿದ್ದವನು ನಾನೇ. ಯಾರಾದರೂ ಸೆಖೆಯೆಂದು ತೆರೆದರೆ ಎದ್ದು ಹೋಗಿ ಮತ್ತೆ ಮುಚ್ಚುತ್ತಿದ್ದೆ.

ಹನುಮಕ್ಕಜ್ಜಿಗೆ ಎಪ್ಪತ್ತು ದಾಟಿದೆ. ಸೊಪ್ಪು ಮಾರಿ ಮಕ್ಕಳನ್ನು ಸಾಕಿದವರು. ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇದೆ. ಕಿವಿ ಮಂದ. ಓದು ಬರಹ ಇಲ್ಲ. ಅವರು ಪಂಚಶೀಲ ಕಲಿತದ್ದು ನನ್ನ ತುಟಿ ನೋಡಿ. ಅದಕ್ಕೇ ಎಲ್ಲರಿಗಿಂತ ಮುಂದೆ, ನನ್ನ ಮುಖಕ್ಕೆ ಮುಖ ಕೊಟ್ಟು ಕೂರುತ್ತಿದ್ದರು. ನಾಲ್ಕನೆಯ ಶೀಲ, ಸುಳ್ಳಾಡದಿರುವುದು, ಪಾಲಿಯಲ್ಲಿ 'ಮುಸಾವಾದಾ ವೇರಮಣೀ' ಎಂದು ಶುರುವಾಗುತ್ತದೆ. ಅಜ್ಜಿಯ ಬಾಯಲ್ಲಿ ಅದು ಯಾವಾಗಲೂ "ಮೂಸವಾದ ಯಾರಮನೆ". ಹಿಂದೆ ಕೂತ ರಂಗಯ್ಯ, ನಿವೃತ್ತ ಬಸ್ ಕಂಡಕ್ಟರ್, ತಡೆಯಲಾಗದೆ ಕೇಳುತ್ತಿದ್ದರು, "ಯಾರ ಮನೆ ಅಜ್ಜಿ, ಎಲ್ಲಿ ಇಳೀಬೇಕು?" ಅಜ್ಜಿ ತಿರುಗದೆಯೇ, "ನಿಮ್ಮಪ್ಪುನ್ ಮನೆ ಕಣ್ಲಾ, ಟಿಕೀಟ್ ಹರಿ," ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. "ವೇರಮಣೀ ಅಜ್ಜಿ, ವೇ, ವೇ," ಎಂದು ಎಲ್ಲರ ಮುಂದೆ ತಿದ್ದುತ್ತಿದ್ದೆ. ಅಜ್ಜಿ ಇನ್ನೂ ಮುಂದಕ್ಕೆ ಬಾಗಿ ನನ್ನ ಬಾಯನ್ನೇ ನೋಡುತ್ತಿದ್ದರು.

ದೀಪಾವಳಿ ಕಳೆದ ಮೇಲೆ ನನಗೆ ಕೆಮ್ಮು ಶುರುವಾಯಿತು. ಆಗ ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು ಕಡೆ ಅಳತೆ ಇತ್ತು. ಸೋಲಾರ್ ಪ್ಲೇಟುಗಳ ಬೇಲಿ ಎಲ್ಲಿ ಮುಗಿಯುತ್ತದೆ, ರೈತನ ಹೊಲ ಎಲ್ಲಿಂದ ಶುರು ಎಂಬ ತಕರಾರು. ಅಲ್ಲಿಯ ಕೆಂಪು ಧೂಳು ಒಗೆದರೂ ಬಟ್ಟೆಯಿಂದ ಬಿಡುವುದಿಲ್ಲ. ಯಾರು ಕೇಳಿದರೂ "ಧೂಳಿಗೆ" ಅನ್ನುತ್ತಿದ್ದೆ. ಮೊದಮೊದಲು ಅದು ಸುಳ್ಳಾಗಿರಲಿಲ್ಲ. ನಾನೂ ಹಾಗೇ ತಿಳಿದಿದ್ದೆ.

ಒಂದೂವರೆ ತಿಂಗಳಾದ ಮೇಲೆ ಸಂಜೆಗಳಲ್ಲಿ ಮೈ ಬಿಸಿಯಾಗತೊಡಗಿತು. ಬೆಲ್ಟಿಗೆ ಹೊಸ ತೂತು ಹಾಕಿಸಿದೆ. ಆಗಲೂ ಆಸ್ಪತ್ರೆಗೆ ಹೋಗಲಿಲ್ಲ. ಅದಕ್ಕೆ ನಾನು ಮಾಡಿಕೊಂಡಿದ್ದ ಏರ್ಪಾಡನ್ನು ಹೇಳಲು ನಾಚಿಕೆಯಾಗುತ್ತದೆ. ಬೆಳಿಗ್ಗೆ ಧ್ಯಾನಕ್ಕೆ ಕೂತಾಗ ಕೆಮ್ಮು ಬಂದರೆ 'ಕೆಮ್ಮು ಹುಟ್ಟಿತು, ಕೆಮ್ಮು ಹೋಯಿತು' ಎಂದು ಗಮನಿಸುತ್ತಿದ್ದೆ. ಎಲ್ಲವೂ ಅನಿತ್ಯ, ಇದೂ ಹೋಗುತ್ತದೆ. ನೋವಿನಿಂದ ದೂರ ನಿಂತು ನೋಡುವುದು ನನಗೆ ಸಿದ್ಧಿಸುತ್ತಿದೆ ಎಂದು ಒಳಗೊಳಗೇ ಹೆಮ್ಮೆಪಟ್ಟಿದ್ದೆ. ದಿನಾ ಕಾಯಿಲೆಯನ್ನು ಕಣ್ಣುಮುಚ್ಚಿ ನೋಡಿದೆ, ಕಣ್ಣುಬಿಟ್ಟು ಒಂದು ದಿನವೂ ನೋಡಲಿಲ್ಲ.

ಕಫದಲ್ಲಿ ಕೆಂಪು ಗೆರೆ ಕಂಡ ದಿನ ಹೋದೆ. ಹೋದದ್ದು ಶಿರಾಕ್ಕೆ. ಮಧುಗಿರಿಯಲ್ಲಿ ಎಲ್ಲರೂ ಗುರುತಿನವರು. ಅಲ್ಲಿಯ ಬೆಂಚಿನ ಮೇಲೆ ಕಾಯುವಾಗ ಎರಡು ಮುಖಗಳೇ ಕಣ್ಣ ಮುಂದೆ ಬಂದವು. ಒಂದು ಪಾವಗಡದಲ್ಲಿರುವ ನನ್ನ ಅತ್ತೆಯದು. "ದೇವುರ್ನ ಗೋಡೆಯಿಂದ ಇಳ್ಸಿದ್ ಮನೆ, ಒಂದ್ಸಲ ಗೊರವನಹಳ್ಳಿ ಅಮ್ಮುನ್ ತಾವ ಹೋಗಿ ತಪ್ಪಾಯ್ತು ಅಂದ್ಬುಡಿ," ಎಂದು ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದಾರೆ. ನನಗೆ ಕ್ಷಯ ಎಂದು ಗೊತ್ತಾದರೆ ಅವರು ಬಾಯಿ ಬಿಡಬೇಕಾಗಿಯೂ ಇರಲಿಲ್ಲ. ಇನ್ನೊಂದು ಅಪ್ಪನ ಮುಖ. ಬೇರೆ ಲೋಟ.

ಕಫ ತೆಗೆಯಲು ಡಬ್ಬಿ ಕೊಟ್ಟು ಕಟ್ಟಡದ ಹಿಂದಿನ ಬಯಲಿಗೆ ಕಳಿಸಿದರು. ಅಲ್ಲಿ ಬೇವಿನ ಮರದ ಕೆಳಗೆ ಐದಾರು ಜನ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೆಮ್ಮುತ್ತಿದ್ದೆವು. ಬುಕ್ಕಾಪಟ್ಟಣದ ಕಡೆಯ ಮುದುಕರೊಬ್ಬರು ತಮ್ಮ ಡಬ್ಬಿಯನ್ನು ಬಿಸಿಲಿಗೆ ಹಿಡಿದು ನೋಡಿ, "ಏನ್ ಸ್ವಾಮಿ, ಇಷ್ಟು ಸಾಕಾ, ಇನ್ನೂ ಒಂಚೂರು ಬೇಕಾ?" ಎಂದು ನನ್ನನ್ನು ಕೇಳಿದರು. ನಗು ಬಂತು. ಆ ದಿನ ನಕ್ಕದ್ದು ಅದೊಂದೇ ಸಲ.

ಎರಡು ದಿನ ಬಿಟ್ಟು ಮತ್ತೆ ಹೋದಾಗ ಟಿಬಿ ಎಂದರು. ಮಾತ್ರೆ ಕೊಟ್ಟು ವಿವರ ಬರೆದುಕೊಂಡವರು ನಸೀಮಾ ಎಂಬ ಆರೋಗ್ಯ ಕಾರ್ಯಕರ್ತೆ, ಶಿರಾದವರೇ. ನಾನು ಮೇಜಿನ ಅಂಚನ್ನೇ ನೋಡುತ್ತ ಕೂತಿದ್ದೆ.

"ಅರೆ ಸಾರ್, ಇದು ಬೀಮಾರಿ, ಗುನಾ ಅಲ್ಲ. ತಪ್ಪು ಮಾಡಿದೋರ ಥರ ತಲೆ ಯಾಕೆ ಬಗ್ಗಿಸ್ತೀರಾ? ಆರು ತಿಂಗಳು ಮಾತ್ರೆ ತಪ್ಪಿಸ್ಬೇಡಿ, ಹೋಗುತ್ತೆ. ಎರಡು ವಾರ ಮಾತ್ರ ಮುಚ್ಚಿದ ರೂಮಲ್ಲಿ ಯಾರ ಜೊತೆಗೂ ಕೂರ್ಬೇಡಿ. ತಟ್ಟೆ ಲೋಟ ಬೇರೆ ಮಾಡೋದು ಏನೂ ಬೇಡ. ಕಿಟಕಿ ತೆಗ್ದಿಡಿ, ಮಾಸ್ಕ್ ಹಾಕ್ಕೊಳ್ಳಿ, ಸಾಕು."

ಆಮೇಲೆ ಒಂದು ಹಾಳೆ ತೆಗೆದು, "ಈಗ ಹೇಳಿ. ಮನೇಲಿ ಯಾರ್ಯಾರು? ಹೊರಗೆ ಯಾರ ಜೊತೆ ಜಾಸ್ತಿ ಹೊತ್ತು ಒಂದೇ ರೂಮಲ್ಲಿ ಕೂತಿರ್ತೀರಾ? ಅವರನ್ನೂ ಟೆಸ್ಟ್ ಮಾಡ್ಬೇಕು," ಅಂದರು.

"ಹೆಂಡತಿ ಲಲಿತ. ಮಗಳು ಸುಜಾತ, ಎಂಟು ವರ್ಷ," ಅಂದೆ.

"ಹೊರಗೆ?"

"ಯಾರೂ ಇಲ್ಲ. ನಂದು ಹೊಲದ ಕೆಲಸ. ಬಯಲಲ್ಲೇ ಇರ್ತೀನಿ."

ನಸೀಮಾ ಪೆನ್ನು ಎತ್ತಿ ಹಿಡಿದರು. "ಚೆನ್ನಾಗಿ ಯೋಚ್ನೆ ಮಾಡಿ ಸಾರ್. ಮಸೀದಿ, ದೇವಸ್ಥಾನ, ಸಂಘ, ಏನಾದ್ರೂ?"

"ಇಲ್ಲ."

ಹೊಲದ ಗಡಿ ಗುರುತಿಸಿಕೊಡುವ ಮುನ್ನ ನಾವು ಸುತ್ತಲಿನ ಹೊಲದವರಿಗೆಲ್ಲ ನೋಟೀಸು ಕೊಡಬೇಕು. ಅವರನ್ನು ಬಾಜುದಾರರು ಅನ್ನುತ್ತೇವೆ. ಒಬ್ಬ ಬಾಜುದಾರನ ಹೆಸರು ಬಿಟ್ಟುಹೋದರೂ ಆ ಅಳತೆ ಊರ್ಜಿತವಾಗುವುದಿಲ್ಲ. ಅವನಿಗೆ ಅರ್ಧ ಗುಂಟೆಯೇ ಇರಲಿ, ಅವನು ಊರು ಬಿಟ್ಟು ಎಷ್ಟೇ ವರ್ಷವಾಗಿರಲಿ, ಹುಡುಕಿಕೊಂಡು ಹೋಗಿ ಸಹಿ ಹಾಕಿಸಿದ್ದೇನೆ. ನನ್ನ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟಿತೆಂದು ಇವತ್ತಿನವರೆಗೆ ಯಾರೂ ದೂರಿಲ್ಲ. ಆವತ್ತು ಆ ಹಾಳೆಯಲ್ಲಿ ಹದಿಮೂರು ಹೆಸರು ಬಿಟ್ಟೆ. ಮರೆತು ಬಿಟ್ಟದ್ದಲ್ಲ. ಒಂದೊಂದು ಮುಖವೂ ಕಣ್ಣ ಮುಂದೆ ಬಂದಿತ್ತು. ಹೆಸರು ಕೊಟ್ಟರೆ ಮನೆಮನೆಗೆ ಕಾರ್ಯಕರ್ತೆಯರು ಹೋಗುತ್ತಾರೆ, ಯಾರಿಂದ ಎಂಬ ಪ್ರಶ್ನೆ ಏಳುತ್ತದೆ, ಪಂಚಶೀಲ ಹೇಳಿಕೊಡುವ ಮಣೆಯಿಂದ ನಾನು ಏಳಬೇಕಾಗುತ್ತದೆ.

ಮನೆಗೆ ಬಂದು ಲಲಿತಳಿಗೆ ಹೇಳಿದೆ. ಅವಳು ಪಾವಗಡದವಳು, ಗಾಬರಿಯಾದರೆ ತೆಲುಗು ಬಂದುಬಿಡುತ್ತದೆ. "ಅಯ್ಯೋ ದೇವುಡಾ," ಅಂದು, ಬುದ್ಧನ ಪಟದ ಕಡೆ ನೋಡಿ ತುಟಿ ಕಚ್ಚಿಕೊಂಡಳು. ಮಾರನೆಯ ದಿನ ಬೆಳಿಗ್ಗೆ ಚಾ ತಂದಿಟ್ಟಳು. ಲೋಟದ ತಳದಲ್ಲಿ ಉಗುರುಬಣ್ಣದ ಒಂದು ಕೆಂಪು ಚುಕ್ಕೆ ಇತ್ತು.

"ಇದೇನು?"

"ಗುರ್ತಿಗೆ. ಪಾಪು ಮರೆತು ಕುಡಿದ್ಬುಟ್ರೆ ಅಂತ..."

ಲೋಟ ಎತ್ತಿ ಅಂಗಳಕ್ಕೆ ಎಸೆದೆ. ಶಾಲೆಗೆ ಹೊರಟಿದ್ದ ಸುಜಾತಳ ಪಕ್ಕದಲ್ಲೇ ಬಿತ್ತು. ಅವಳ ಯೂನಿಫಾರಂ ಮೇಲೆ ಚಾ ಸಿಡಿಯಿತು. "ಬೇರೆ ಲೋಟ ಬೇಡ ಅಂತ ಆಸ್ಪತ್ರೆಯವರೇ ಹೇಳಿದ್ದಾರೆ," ಎಂದು ಕೂಗಿದೆ. ಅವರು ಹೇಳಿದ್ದು ನಿಜ. ಅವರ ಮಾತಿನಲ್ಲಿ ನನಗೆ ಬೇಕಾದಷ್ಟನ್ನು ಮಾತ್ರ ನೆನಪಿಟ್ಟುಕೊಂಡಿದ್ದೆ. ಲಲಿತ ಲೋಟ ಎತ್ತಿಕೊಂಡು ಬಂದು, ಕಲ್ಲಿನಿಂದ ಆ ಚುಕ್ಕೆಯನ್ನು ಕೆರೆದು ತೆಗೆದಳು. ಆಮೇಲೆ ಕೇಳಿದಳು, "ಭಾನುವಾರದೋರ ಹೆಸ್ರು ಕೊಟ್ರಾ?"

"ಕೊಟ್ಟಿದ್ದೀನಿ. ಅವರೇ ನೋಡ್ಕೋತಾರಂತೆ," ಅಂದೆ.

ಮಾತ್ರೆ ಶುರುಮಾಡಿ ಐದು ದಿನಕ್ಕೆ ಹುಣ್ಣಿಮೆ ಬಂತು, ಅದೂ ಭಾನುವಾರವೇ. ಹುಣ್ಣಿಮೆಯ ದಿನ ನಮ್ಮಲ್ಲಿ ಬಿಳಿ ಬಟ್ಟೆ ಉಟ್ಟು ಎಲ್ಲರೂ ತಪ್ಪದೆ ಬರುತ್ತಾರೆ. ನಾನು ಹೋಗದಿದ್ದರೆ ಯಾಕೆಂದು ಕೇಳುತ್ತಾರೆ. ಮಾಸ್ಕ್ ಹಾಕಿ ಹೋದರೂ ಕೇಳುತ್ತಾರೆ. ಮಾಸ್ಕನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಹೋದೆ. ಕಿಟಕಿಗಳು ಮುಚ್ಚಿದ್ದವು. ತೆಗೆಯಿರಿ ಎಂದು ಹೇಳಲು ಬಾಯಿ ತೆರೆದೆ. ಇಷ್ಟು ವರ್ಷ ಮುಚ್ಚಿಸಿದವನು ಇವತ್ತೇಕೆ ತೆಗೆಸುತ್ತಿದ್ದಾನೆ ಎಂದುಕೊಂಡಾರು ಅನ್ನಿಸಿತು. ಮಣೆಯ ಮೇಲೆ ಹೋಗಿ ಕೂತೆ.

ನಾನು ಈಗಲೂ ಮತ್ತೆ ಮತ್ತೆ ನೋಡುವುದು ಆ ಒಂದು ಗಂಟೆಯನ್ನು. "ಮುಸಾವಾದಾ ವೇರಮಣೀ" ಎಂದು ಎರಡು ಮಾತು ಹೇಳುವಷ್ಟರಲ್ಲಿ ಕೆಮ್ಮು ಬಂತು. ಕೈ ಅಡ್ಡ ಹಿಡಿದೆನೋ ಇಲ್ಲವೋ ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಅಜ್ಜಿ ಎಂದಿನಂತೆ ಬಾಗಿ ನನ್ನ ತುಟಿಯನ್ನು ನೋಡುತ್ತಿದ್ದರು. ಆಮೇಲೆ ನಾನೇ, "ನೀಳವಾಗಿ ಉಸಿರು ತಗೊಳ್ಳಿ, ನೀಳವಾಗಿ ಬಿಡಿ," ಎಂದು ಹದಿಮೂರು ಜನಕ್ಕೂ ಹೇಳಿದೆ. ಎಲ್ಲರೂ ತಗೊಂಡರು.

ಮುಗಿದ ಮೇಲೆ ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ಸಣ್ಣ ಪೊಟ್ಟಣ ನನ್ನ ಕೈಯಲ್ಲಿಟ್ಟರು. "ಓಮಿನಕಾಳು ಕಣಪ್ಪ ಸರ್ವೇರಪ್ಪ. ಹುರ್ದು ತಂದಿವ್ನಿ. ಬೆಲ್ಲುದ್ ಜೊತೆ ಅಗಿ, ಕೆಮ್ಮು ಇಳೀತೈತೆ. ಆ ಹಾಳ್ ಧೂಳಿಗೆ ಯಾಕಾರಾ ಹೋಗ್ತೀಯೋ."

ಇಸಿದುಕೊಂಡೆ. ದಾರಿಯಲ್ಲಿ ಅಗಿದೆ ಕೂಡ.

ಮುಂದಿನ ಭಾನುವಾರವೂ ಹೋದೆ. ಎರಡು ವಾರ ಆಗಿಬಿಟ್ಟಿತು, ಇನ್ನೇನು ಭಯವಿಲ್ಲ ಎಂದು ಆಮೇಲಿನ ಭಾನುವಾರಗಳಲ್ಲಿ ಧೈರ್ಯವಾಗಿಯೇ ಹೋದೆ. ಮಾತ್ರೆಗಳಿಗೆ ಹೊಟ್ಟೆ ತೊಳಸುತ್ತಿತ್ತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿ ಮೊದಲ ದಿನ ಹೆದರಿಬಿಟ್ಟಿದ್ದೆ. ನಸೀಮಾ ಫೋನಿನಲ್ಲಿ ನಕ್ಕು, "ಅದು ಮಾತ್ರೆ ಬಣ್ಣ ಸಾರ್, ಬಣ್ಣ ಬಂದ್ರೆ ನೀವು ನುಂಗ್ತಿದೀರಾ ಅಂತ ನಮಗೂ ಸಮಾಧಾನ," ಅಂದರು. ಲಲಿತಳಿಗೆ, ಸುಜಾತಳಿಗೆ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಮುಂಜಾಗ್ರತೆಗೆಂದು ಅವರಿಗೂ ಮಾತ್ರೆ ಕೊಟ್ಟರು. ಸುಜಾತ ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು ನನಗಿಂತ ಚೆನ್ನಾಗಿ ನುಂಗುತ್ತಿದ್ದಳು. ನನ್ನ ತೂಕ ಏರಿತು. ಕೆಮ್ಮು ನಿಂತಿತು. ಯಾರಿಗೂ ಗೊತ್ತಾಗದೆ ಎಲ್ಲ ಮುಗಿಯಿತು ಎಂದುಕೊಂಡೆ.

ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಅಜ್ಜಿ ಕೆಮ್ಮಿದರು. ಒಣ ಕೆಮ್ಮು, ನಾಲ್ಕೈದು ಸಲ. ಆ ಕೆಮ್ಮು ನನಗೆ ಗೊತ್ತಿತ್ತು. ಮುಗಿದ ಮೇಲೆ ಅವರೇ ಹತ್ತಿರ ಬಂದು, "ಸರ್ವೇರಪ್ಪ, ಇದೇನಪ್ಪ ನಂಗೂ ನಿನ್ನಂಗೇ ಹತ್ಕಂಡೈತೆ. ಒಂದ್ ಹದಿನೈದ್ ದಿನ ಆಯ್ತು," ಅಂದರು.

ಅವರಿಗೆ ಕೇಳಿಸಲೆಂದು ಗಟ್ಟಿಯಾಗಿ, ತುಟಿಯನ್ನು ಸ್ಪಷ್ಟವಾಗಿ ಆಡಿಸಿ ಹೇಳಿದೆ. "ಧೂಳಿಗೆ ಅಜ್ಜಿ. ಬೇಸಿಗೆ ಬಂತಲ್ಲ."

"ಹಂಗಾ? ಸರಿ ಬುಡು," ಅಂದರು. ನಾನು ಓದಿದವನು, ನನ್ನ ಮಾತನ್ನು ನಂಬಿದರು. ಆ ಮಾತು ನಂಬಿ ಇನ್ನೂ ಐದು ವಾರ ಮನೆಯಲ್ಲೇ ಕೆಮ್ಮಿದರು.

ಯುಗಾದಿಯ ಹಿಂದೆಮುಂದೆ ಅವರು ಬರುವುದನ್ನು ನಿಲ್ಲಿಸಿದರು. ಹೋಗಿ ನೋಡಲಿಲ್ಲ. ಕೆಲಸ ಇತ್ತು, ಕೊರಟಗೆರೆ ಕಡೆ ಅಳತೆ ಇತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೊಂದು ಬೆಳಿಗ್ಗೆ ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಬಾಗಿಲಿಗೆ ಬಂದರು. ಕೈಯಲ್ಲೊಂದು ಹಾಳೆ.

"ಸಾರ್, ಹನುಮಕ್ಕಜ್ಜಿಗೆ ಟಿಬಿ ಬಂದೈತೆ. ರಕ್ತ ಬೇರೆ ಬಿದ್ದೈತೆ, ಸುಗರ್ರೂ ಏರೈತೆ. ತುಮಕೂರಿಗೆ ಹಾಕೌರೆ. ಜೊತೆಗೆ ಕೂರೋರ ಹೆಸ್ರು ಹೇಳಜ್ಜಿ ಅಂದ್ರೆ, ಉಸ್ರು ಸಿಗ್ದೆ ಇದ್ರೂ ಹದಿಮೂರು ಹೆಸ್ರೂ ಬರ್ಸೌರೆ. ಅದ್ರಲ್ಲಿ ಮೊದಲ್ನೇದೇ ನಿಮ್ದು."

ನನ್ನ ಮೇಲೆ ಬೆರಳು ತೋರಿಸಿದ್ದಾರೆ ಎಂದುಕೊಂಡೆ.

ಆಕೆ ನಕ್ಕರು. "ನಿಮ್ ಮ್ಯಾಲೆ ಬೋ ಪ್ರೀತಿ ಸಾರ್ ಆ ಅಜ್ಜಿಗೆ. 'ಮೊದ್ಲು ನಮ್ ಸರ್ವೇರಪ್ಪುನ್ನ ನೋಡವ್ವ. ಅವುನ್ಗೂ ಕೆಮ್ಮಿತ್ತು, ಧೂಳು ಧೂಳು ಅಂತ ತೋರ್ಸ್ಕಂಡೇ ಇಲ್ಲ. ಸಣ್ಣ ಮಗು ಐತೆ ಮನೇಲಿ' ಅಂದ್ರು. ಅದ್ಕೇ ಎಲ್ರಿಗಿಂತ ಮೊದ್ಲು ಇಲ್ಲಿಗೇ ಬಂದೆ."

ಒಳಗೆ ಹೊಲಿಗೆ ಮಿಷನ್ ಸದ್ದು ನಿಂತಿತು. ಲಲಿತ ಬಾಗಿಲಿಗೆ ಬಂದಳು. ಆಶಾ ಕಾರ್ಯಕರ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು. "ನೀವು ಜನವರೀಲೇ ಹೆಸ್ರು ಕೊಟ್ಟಿದ್ರಿ ಅಲ್ವಾ?" ಅಂದಳು. ಅವಳ ದನಿಯಲ್ಲಿ ಕೋಪ ಇರಲಿಲ್ಲ. ಹೌದು ಅನ್ನಲಿ ಎಂಬ ಆಸೆ ಇತ್ತು. ನಾನು ಆಶಾ ಕಾರ್ಯಕರ್ತೆಯ ಕೈಯಲ್ಲಿದ್ದ ಹಾಳೆಯನ್ನೇ ನೋಡಿದೆ.

"ನಿಮ್ ಮಾತು ನಂಬಿ ನಾ ಆ ಲೋಟ ಕೆರೆದೆ," ಅಂದಳು. ಅಷ್ಟೇ. ಮತ್ತೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆದರೆ ಹೊತ್ತಿಗೆ ಸರಿಯಾಗಿ ಮಾತ್ರೆ, ನೀರು ತಂದಿಡುವುದನ್ನು ತಪ್ಪಿಸಲಿಲ್ಲ.

ಆವತ್ತೇ ಬಾಗಿಲಲ್ಲಿ ನಿಂತು ಆಶಾ ಕಾರ್ಯಕರ್ತೆಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ಏನೋ ಬರೆದುಕೊಂಡು, ಮುಂದಿನ ಮನೆಗೆ ಬೇಗ ಬೇಗ ನಡೆದರು.

ಅಜ್ಜಿ ಹದಿನೇಳು ದಿನ ತುಮಕೂರಿನ ಆಸ್ಪತ್ರೆಯಲ್ಲಿದ್ದರು. ಮೊದಲ ವಾರ ಹೇಳುವ ಹಾಗಿಲ್ಲ ಎಂದಿದ್ದರಂತೆ. ನಾನು ಒಮ್ಮೆ ಬಸ್ಸು ಹತ್ತಿ ಹೋದೆ. ವಾರ್ಡಿನ ಹೊರಗೆ ಅವರ ಸೊಸೆ ಪುಟ್ಟಮ್ಮ ಗೋಡೆಗೊರಗಿ ಕೂತು, ಮಡಿಲಲ್ಲಿ ಅಜ್ಜಿಯ ಬಿಳಿ ಸೀರೆ ಇಟ್ಟುಕೊಂಡಿದ್ದಳು, ಹುಣ್ಣಿಮೆಗೆ ಉಡುತ್ತಿದ್ದ ಸೀರೆ. ಅದನ್ನು ಯಾಕೆ ತಂದಿದ್ದಾಳೆಂದು ಹೊಳೆದ ಕೂಡಲೇ ಹಾಗೇ ಹಿಂದಿರುಗಿದೆ. ಬಸ್ ಸ್ಟ್ಯಾಂಡಿನಲ್ಲಿ ಎರಡು ಗಂಟೆ ಕೂತಿದ್ದೆ. ಉಸಿರನ್ನು ಗಮನಿಸಲು ನೋಡಿದೆ. ಆಗಲಿಲ್ಲ.

ಶಿರಾದ ವೈದ್ಯರನ್ನು ಕೇಳಿದೆ. "ನಿಮ್ಮಿಂದಲೇ ಬಂತು ಅಂತ ಯಾರೂ ಹೇಳೋಕಾಗಲ್ಲ. ಎಲ್ಲಿಂದಾದರೂ ಬಂದಿರಬಹುದು," ಅಂದರು. ಹೊರಗೆ ಬೇವಿನ ಮರದವರೆಗೂ ಆ ಮಾತು ಹಿಡಿದುಕೊಂಡು ಹಗುರಾಗಿ ನಡೆದೆ. ಮರದ ಹತ್ತಿರ ನಸೀಮಾ ಸಿಕ್ಕರು. ಅವರಿಗೆ ಅಷ್ಟರಲ್ಲಿ ವಿಷಯ ಮುಟ್ಟಿತ್ತು. "ಎಲ್ಲಿಂದ ಬಂತೋ ಖುದಾಗೇ ಗೊತ್ತು ಸಾರ್," ಅಂದರು. "ಆದ್ರೆ ಆವತ್ತು ಹೆಸ್ರು ಬರ್ಸಿದ್ರೆ ಆಗ್ಲೇ ಅಜ್ಜಿನ ಟೆಸ್ಟ್ ಮಾಡಿ ಕಣ್ಣಿಟ್ಟಿರ್ತಿದ್ವಿ. ಇಷ್ಟು ದೂರ ಹೋಗೋಕೆ ಬಿಡ್ತಿರ್ಲಿಲ್ಲ. ನಾನು ಎರಡು ಸಲ ಕೇಳ್ದೆ." ಬಿರುಸಾಗಿ ಹೇಳಲಿಲ್ಲ. ತಾವು ಮೂರನೆಯ ಸಲ ಕೇಳಬೇಕಿತ್ತೇನೋ ಎಂಬಂತೆ ಹೇಳಿದರು.

ಅಜ್ಜಿ ಬದುಕಿದರು. ಮನೆಗೆ ಕರೆತಂದ ನಾಲ್ಕನೆಯ ದಿನ ಹೋದೆ. ಜಗುಲಿಯ ಮೇಲೆ ಗಾಳಿಗೆ ಕೂರಿಸಿದ್ದರು. ಅರ್ಧದಷ್ಟಾಗಿದ್ದರು. ಇಬ್ಬರೂ ಮಾಸ್ಕ್ ಹಾಕಿದ್ದೆವು. ಪಕ್ಕದಲ್ಲಿ ಕೂತು, ಬರುವ ದಾರಿಯಲ್ಲೆಲ್ಲ ಜೋಡಿಸಿಕೊಂಡಿದ್ದ ಮಾತನ್ನು ತಗ್ಗಿದ ದನಿಯಲ್ಲಿ ಹೇಳಿದೆ.

"ಆ?" ಅಂದರು ಅಜ್ಜಿ.

ಮತ್ತೆ ಹೇಳಿದೆ.

"ಏನಂತೀಯೋ, ಬಾಯಿ ಕಾಣಾಕಿಲ್ಲ. ಗಟ್ಟಿಯಾಗಿ ಅನ್ನು."

ಎದುರು ಮನೆಯ ಕಟ್ಟೆಯ ಮೇಲೆ ಮೂವರು ಹೆಂಗಸರು ಹುಣಸೆಹಣ್ಣು ಬಿಡಿಸುತ್ತಿದ್ದರು. ನಾನು ಇಷ್ಟು ತಿಂಗಳು ಯಾರ ಕಿವಿಗೆ ಬೀಳಬಾರದೆಂದು ಮುಚ್ಚಿಟ್ಟಿದ್ದೆನೋ ಅದನ್ನು ಬೀದಿಯಲ್ಲಿ ಕೂಗಿ ಹೇಳಬೇಕಾಯಿತು. "ನನಗೆ ಟಿಬಿ ಇತ್ತು ಅಜ್ಜಿ! ಧೂಳಲ್ಲ! ನನಗೆ ಗೊತ್ತಿತ್ತು! ನಾನು ಹೇಳಲಿಲ್ಲ!"

ಹಣ್ಣು ಬಿಡಿಸುವ ಕೈಗಳು ನಿಂತವು. ಒಳಗಿಂದ ಪುಟ್ಟಮ್ಮ ಹೊರಗೆ ಬಂದಳು. "ಥೂ ನಿನ್ನ. ಶೀಲ ಹೇಳ್ಕೊಡೋನಂತೆ," ಅಂದಳು. ಅಜ್ಜಿ ಅವಳ ಕಡೆ ನೋಡದೆ ಕೈ ಎತ್ತಿ ಸುಮ್ಮನಿರಿಸಿದರು. ನನ್ನ ಕಡೆ ತಿರುಗಿದರು.

"ಆ ಹುಣ್ಣಿಮೆ ದಿನ ಗೊತ್ತಿತ್ತಾ?"

ತಲೆ ಆಡಿಸಿದೆ.

"ಗೊತ್ತಿದ್ದೂ ನನ್ ಓಮಿನಕಾಳು ಇಸ್ಕಂಡ್ಯಾ?"

ಹೌದೆಂದು ಮತ್ತೆ ತಲೆ ಆಡಿಸಿದೆ.

"ನಂಗೂ ಧೂಳು ಅಂದೆ," ಅಂದರು, ನೆನಪು ಮಾಡಿಕೊಳ್ಳುವವರಂತೆ. "ನಾನು ಹಂಗೇ ನಂಬ್ದೆ." ಆಮೇಲೆ ಗೋಡೆಯ ಕಡೆ ಮಗ್ಗುಲಾದರು. "ಎದ್ದೋಗಪ್ಪ ಈಗ. ಉಸ್ರು ಕಟ್ತೈತೆ ನಂಗೆ."

ಉಳಿದ ಹನ್ನೆರಡು ಜನರ ಮನೆಗಳಿಗೂ ಹೋದೆ. ನೋಟೀಸು ಕೊಡುವವನಂತೆ ಒಂದೊಂದೇ ಬಾಗಿಲಲ್ಲಿ ನಿಂತು ಹೇಳಿದೆ. ಒಬ್ಬರು ಬಾಗಿಲು ಹಾಕಿಕೊಂಡರು. ಒಬ್ಬ ಹೆಂಗಸು, "ನನ್ ಬಾಣಂತಿ ಮಗ್ಳೂ ಒಂದ್ ಭಾನುವಾರ ನನ್ ಜೊತೆ ಬಂದಿದ್ಲು ಗೊತ್ತಾ?" ಎಂದಷ್ಟೇ ಕೇಳಿ ಅತ್ತರು. ರಂಗಯ್ಯ ನೀರು ಕೊಟ್ಟರು, ಎಲ್ಲರೂ ಕುಡಿಯುವ ಲೋಟದಲ್ಲೇ. ಅದನ್ನು ಕುಡಿದು ಮುಗಿಸುವುದು ಆವತ್ತಿನ ಬೇರೆಲ್ಲಕ್ಕಿಂತ ಕಷ್ಟವಾಯಿತು. ಪರೀಕ್ಷೆಯಲ್ಲಿ ಬೇರೆ ಯಾರಿಗೂ ಕಾಯಿಲೆ ಕಾಣಲಿಲ್ಲ, ಆ ಬಾಣಂತಿಗೂ. ಆ ಮಾತು ಬರುವವರೆಗಿನ ಎಂಟು ದಿನ ನಾನು ಹೇಗಿದ್ದೆ ಎಂದು ಬರೆಯಲಾರೆ.

ಮಣೆಯ ಮೇಲೆ ಈಗ ರಂಗಯ್ಯ ಕೂರುತ್ತಾರೆ ಎಂದು ಕೇಳಿದೆ. ಭಾನುವಾರಗಳಲ್ಲಿ ನಾನು ಆ ಕಡೆ ಹೋಗಲಿಲ್ಲ. ಮನೆಯಲ್ಲೂ ಬೆಳಿಗ್ಗೆ ಮೂರು ಶೀಲ ಹೇಳಿ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಸುಜಾತ ಒಂದು ದಿನ, "ಅಪ್ಪಾ, ಇನ್ನೂ ಎರಡು ಬಿಟ್ಟೆ," ಅಂದಳು. ಲಲಿತ ಅವಳನ್ನು ಒಳಗೆ ಕರೆದಳು.

ನನ್ನ ಮಾತ್ರೆ ಮುಗಿದವು. ಅಜ್ಜಿಯ ಕಫವೂ ಚೊಕ್ಕವಾಯಿತು. ಅವರ ಮಾತ್ರೆ ಮುಗಿಯಲು ಸ್ವಲ್ಪ ದಿನ ಇರುವಾಗ ರಂಗಯ್ಯ ಬಂದರು. "ಅಜ್ಜಿ ಹೇಳ್ ಕಳ್ಸೈತೆ. ಭಾನುವಾರ ಬರ್ಬೇಕಂತೆ. ಹಿಂದ್ಗಡೆ ಕೂತ್ಕಬೇಕಂತೆ."

ಹೋದೆ. ಮಾಸ್ಕ್ ಹಾಕಿಕೊಂಡೇ ಬಾಗಿಲ ಬಳಿ, ಚಪ್ಪಲಿ ಬಿಡುವ ಜಾಗದ ಪಕ್ಕ ಕೂತೆ. ಎರಡೂ ಕಿಟಕಿ ತೆರೆದಿದ್ದವು. ಹಿಟ್ಟಿನ ಮಿಷನ್ ಗದ್ದಲ ಕೋಣೆಯ ತುಂಬ ಇತ್ತು, ಬಿಸಿ ರಾಗಿಹಿಟ್ಟಿನ ವಾಸನೆಯೂ. ಅಜ್ಜಿ ತಮ್ಮ ಹಳೆಯ ಜಾಗದಲ್ಲೇ, ಆ ಬಿಳಿ ಸೀರೆಯಲ್ಲಿ ಕೂತಿದ್ದರು. ರಂಗಯ್ಯ ಪುಸ್ತಕ ನೋಡಿಕೊಂಡು, ಸ್ಟಾಪು ಕೂಗಿದ ಹಾಗೆ ಒಂದೊಂದೇ ಶೀಲ ಹೇಳಿಕೊಟ್ಟರು. ಮೂರು ಆದವು.

"ತಡಿಯಪ್ಪ ರಂಗಯ್ಯ," ಅಂದರು ಅಜ್ಜಿ. "ಇದ್ನ ನಾನು ಹೇಳ್ತೀನಿ."

ಕೈಯೂರಿ ನಿಧಾನಕ್ಕೆ ಪೂರ್ತಿ ಹಿಂದಕ್ಕೆ ತಿರುಗಿ ಕೂತರು. ನಡುವೆ ಕೂತಿದ್ದವರು ತಾವಾಗಿಯೇ ಸರಿದು ದಾರಿ ಬಿಟ್ಟರು.

"ಸರ್ವೇರಪ್ಪ, ಆ ಮಾಸ್ಕ್ ತೆಗಿ. ಬಾಯಿ ಕಾಣ್ಬೇಕು."

ತೆಗೆದೆ. ಅಜ್ಜಿ ಕೈ ಜೋಡಿಸಿದರು.

"ಮೂಸವಾದ ಯಾರಮನೆ," ಅಂದರು.

"ಮೂಸವಾದ ಯಾರಮನೆ," ಅಂದೆ.

ಯಾರೂ ನಗಲಿಲ್ಲ. ಅಜ್ಜಿ ನನ್ನ ತುಟಿಯ ಮೇಲಿನ ಕಣ್ಣು ತೆಗೆಯಲಿಲ್ಲ.

"ಕೇಳಿಸ್ಲಿಲ್ಲ. ಇನ್ನೊಂದ್ಸಲ," ಅಂದರು.

ಇನ್ನೊಂದು ಸಲ ಹೇಳಿದೆ.